ಕೊಳವೆಬಾವಿಯ ಆಳ ಮತ್ತು ಪಂಚಾಯಿತಿಯ ಲೆಕ್ಕ

ಗ್ರಾಮೀಣ ನೀರು ಸರಬರಾಜಿನ ಪ್ರಗತಿ ವರದಿಗಳು ಮಂಜೂರಾದ ಕಾಮಗಾರಿ, ಬಿಡುಗಡೆಯಾದ ಹಣ, ಜೋಡಿಸಿದ ನಲ್ಲಿಗಳನ್ನು ಎಣಿಸುತ್ತವೆ. ಆ ನಲ್ಲಿಯಲ್ಲಿ ಹತ್ತು ವರ್ಷವಾದ ಮೇಲೂ ನೀರು ಬರಬೇಕಾದರೆ ಖರ್ಚು ಯಾರದು? ಕರ್ನಾಟಕದ ಬಯಲುಸೀಮೆಯ ಮಟ್ಟಿಗೆ ಈ ಪ್ರಶ್ನೆಯ ಉತ್ತರ ಅಂತರ್ಜಲದ ಮಟ್ಟದಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ.

1980ರ ದಶಕದಲ್ಲಿ ‘ನೀರ್ ಸಾಬ್’ ಎಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಕೈಪಂಪಿಗೆ ಕರೆಂಟ್ ಬಿಲ್ಲಿನ ಹಂಗಿರಲಿಲ್ಲ. ಮೋಟಾರು, ಮೇಲ್ತೊಟ್ಟಿ, ನಲ್ಲಿ ಬಂದು ಹೆಣ್ಣುಮಕ್ಕಳ ಬೆನ್ನಿನ ಭಾರ ಇಳಿಯಿತು. ಇದು ದೊಡ್ಡ ಸಾಧನೆಯೇ. ಆದರೆ ಆ ಭಾರ ಪಂಚಾಯಿತಿಯ ಬಿಲ್ಲಿಗೆ ಬಂತು.

ಲೆಕ್ಕ ಹೀಗಿದೆ. ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. 2,000 ಜನರ ಊರಿಗೆ 1,10,000 ಲೀಟರ್. ಇಷ್ಟು ನೀರನ್ನು 100 ಮೀಟರ್ ಮೇಲೆತ್ತಲು, ಪಂಪಿನ ದಕ್ಷತೆ ಅರ್ಧದಷ್ಟೆಂದು ಹಿಡಿದರೆ, ದಿನಕ್ಕೆ ಸುಮಾರು 60 ಯೂನಿಟ್ ಬೇಕು. ನೀರು 300 ಮೀಟರ್‌ಗೆ, ಅಂದರೆ ಸಾವಿರ ಅಡಿಯ ಆಸುಪಾಸಿಗೆ ಇಳಿದರೆ 180 ಯೂನಿಟ್. ಜನಸಂಖ್ಯೆ ಅಷ್ಟೇ, ನಲ್ಲಿಗಳು ಅಷ್ಟೇ, ಬಿಲ್ಲು ಮೂರು ಪಟ್ಟು. ಇಷ್ಟು ಆಳಕ್ಕೆ ಇಳಿಸಿದ ಮೋಟಾರು ಸುಟ್ಟರೆ ಎತ್ತಿ ರಿಪೇರಿ ಮಾಡಿಸುವ ಖರ್ಚೂ ಹೆಚ್ಚು. ಮೀಟರ್ ಇಲ್ಲದ ಊರುಗಳಲ್ಲಿ ಮನೆಗಿಷ್ಟು ಎಂದು ಗೊತ್ತುಮಾಡಿದ ನೀರಿನ ಕರಕ್ಕೆ ಮಾತ್ರ ಈ ಆಳದ ಸುಳಿವೇ ಇಲ್ಲ.

ಪಂಚಾಯಿತಿಯ ಕೈಗೆ ಬರುವ ಹಣಕ್ಕೂ ಕಟ್ಟುಪಾಡುಗಳಿವೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತ; ಉಳಿದ ಶೇ. 40ನ್ನು ಸಂಬಳಕ್ಕೆ, ಕಚೇರಿ ವೆಚ್ಚಕ್ಕೆ ಬಳಸುವಂತಿಲ್ಲ. ಆದರೆ ವಾಲ್ವ್ ತಿರುಗಿಸುವ ನೀರುಗಂಟಿಯ ಸಂಬಳವೇ ನಿರ್ವಹಣೆಯ ಮೊದಲ ಖರ್ಚು. ಪಂಚಾಯಿತಿ ತನ್ನ ವಿವೇಚನೆಯಿಂದ ಖರ್ಚು ಮಾಡಬಲ್ಲದ್ದು ಮುಖ್ಯವಾಗಿ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಡಿ ತಾನೇ ಎತ್ತುವ ತೆರಿಗೆಯನ್ನು. ಒಣಭೂಮಿಯ ಸಣ್ಣ ಪಂಚಾಯಿತಿಗೆ ಆ ಬುಡವೇ ಕಿರಿದು. ‘ಜನ ಕರ ಕಟ್ಟುವುದಿಲ್ಲ’ ಎಂಬ ದೂರು ಅರ್ಧಸತ್ಯ ಮಾತ್ರ. ಪೂರ್ತಿ ಕಟ್ಟಿದರೂ ಸಾಲದ ಊರುಗಳಿರುತ್ತವೆ.

ಆದ್ದರಿಂದ ನಿರ್ವಹಣಾ ಅನುದಾನವನ್ನು ಜನಸಂಖ್ಯೆಯ ಜೊತೆಗೆ ನೀರಿನ ಮಟ್ಟದ ಮೇಲೂ ಹಂಚುವುದು ನ್ಯಾಯ. ಯೋಜನೆಗೆ ತಾಂತ್ರಿಕ ಮಂಜೂರಾತಿ ಕೊಡುವಾಗಲೇ ಬಾವಿಯ ನೀರಿನ ಮಟ್ಟ, ಮೋಟಾರಿನ ಸಾಮರ್ಥ್ಯ, ಅಂದಾಜು ವಾರ್ಷಿಕ ಬಿಲ್ಲನ್ನು ಕಡತದಲ್ಲಿ ನಮೂದಿಸಿ ಗ್ರಾಮಸಭೆಯ ಮುಂದಿಡಬೇಕು. ನದಿನೀರಿನ ಬಹುಗ್ರಾಮ ಯೋಜನೆಗಳಿಗೂ ಇದೇ ಕ್ರಮ ಬೇಕು. ಅಲ್ಲಿ ಆಳದ ಬದಲು ದೂರ ಮತ್ತು ಏರು ಲೆಕ್ಕಕ್ಕೆ ಬರುತ್ತವೆ.