ಗಣಕಲೋಕದ ನೆನಪು ಕಾಯುವವರು

ವಿಶ್ವಕೋಶ ಎಂದೊಡನೆ ಕಣ್ಣಿಗೆ ಕಟ್ಟುವುದು ಗ್ರಂಥಾಲಯದ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ದಪ್ಪ ಸಂಪುಟಗಳು. ಒಮ್ಮೆ ಅಚ್ಚಾದರೆ ಅವು ಹತ್ತಾರು ವರ್ಷ ಬಾಳುತ್ತವೆ. ಕಾವೇರಿ ಹುಟ್ಟುವ ಜಾಗ, ಹೊಯ್ಸಳರ ವಂಶಾವಳಿ, ಆಮ್ಲಜನಕದ ಗುಣ ಇವೆಲ್ಲ ವರ್ಷ ವರ್ಷಕ್ಕೆ ಬದಲಾಗುವ ಸಂಗತಿಗಳಲ್ಲ. ಗಣಕ, ಅಂದರೆ ಕಂಪ್ಯೂಟರ್ ವಿಷಯಕ್ಕೆ ಈ ಭಾಗ್ಯವಿಲ್ಲ. ಅದರ ಬಗ್ಗೆ ಬರೆದ ಲೇಖನ ಅಚ್ಚಿನಮನೆಯಿಂದ ಹೊರಬೀಳುವಷ್ಟರಲ್ಲೇ ಹಳಸಿರುವುದುಂಟು. ಹೀಗಾಗಿ ಇಲ್ಲಿ ಬರೆಯುವುದಕ್ಕಿಂತ ಬರೆದದ್ದನ್ನು ಕಾಯುವುದೇ ದೊಡ್ಡ ಕೆಲಸ. ಕಳೆದ ಐವತ್ತು ವರ್ಷಗಳಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಮಾಡಿಕೊಂಡು ಬಂದವರು ಸಂಬಳವನ್ನಾಗಲೀ ಹೆಸರನ್ನಾಗಲೀ ಬಯಸದ ಸ್ವಯಂಸೇವಕರು.

ಈ ಕತೆಯ ಬೇರು ವಿಕಿಪೀಡಿಯಕ್ಕಿಂತ ಹಳೆಯದು. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಫೇಲ್ ಫಿಂಕೆಲ್ ಎಂಬುವವರು ಗಣಕ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದ ಪದಗಳ ಪಟ್ಟಿಯೊಂದನ್ನು ಆರಂಭಿಸಿದರು. ‘ಜಾರ್ಗನ್ ಫೈಲ್’ ಎಂದು ಹೆಸರಾದ ಈ ಪಟ್ಟಿಗೆ ಬೇರೆ ಬೇರೆ ಊರುಗಳ ಗಣಕಪ್ರಿಯರು ತಮಗೆ ತಿಳಿದ ಪದಗಳನ್ನು ಸೇರಿಸುತ್ತ ಹೋದರು. 1983ರಲ್ಲಿ ಅದು ಪುಸ್ತಕವಾಗಿಯೂ ಬಂತು. ವಿಚಿತ್ರವೆಂದರೆ, ಪುಸ್ತಕ ಬಂದ ಮೇಲೆ ಮೂಲ ಪಟ್ಟಿಯನ್ನು ಕೇಳುವವರೇ ಇಲ್ಲವಾದರು. 1990ರಲ್ಲಿ ಎರಿಕ್ ರೇಮಂಡ್ ಅದಕ್ಕೆ ಮತ್ತೆ ಕೈಹಚ್ಚುವವರೆಗೆ ಏಳು ವರ್ಷ ಅದು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಮನೆಮನೆಗೂ ಸಣ್ಣ ಗಣಕಗಳು ಬಂದಿದ್ದವು. ಕಾಯುವವರಿಲ್ಲದ ಕೋಶ ಎಷ್ಟು ಬೇಗ ಹಿಂದೆ ಬೀಳುತ್ತದೆ ಎಂಬುದಕ್ಕೆ ಇದೇ ಮೊದಲ ಪಾಠ.

ಎರಡನೆಯ ಪ್ರಯತ್ನ ಲಂಡನ್ನಿನದು. 1985ರಲ್ಲಿ ಇಂಪೀರಿಯಲ್ ಕಾಲೇಜಿನಲ್ಲಿದ್ದ ಡೆನಿಸ್ ಹೋವ್ ‘ಫೋಲ್ಡಾಕ್’ ಎಂಬ ಗಣಕ ನಿಘಂಟನ್ನು ಕಟ್ಟತೊಡಗಿದರು. ಓದುಗರು ಕಳಿಸಿದ ಪದ, ವಿವರಣೆ, ತಿದ್ದುಪಡಿಗಳನ್ನೂ ಪರಿಶೀಲಿಸಿ ಸೇರಿಸಲಾಗುತ್ತಿತ್ತು. ಕೋಶ ಸುಮಾರು 15 ಸಾವಿರ ಪದಗಳಷ್ಟು ಬೆಳೆಯಿತು. ಹೋವ್ ಅದನ್ನು ತಮ್ಮ ಸ್ವತ್ತೆಂದು ಕಟ್ಟಿಡದೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯಡಿ ಕೊಟ್ಟರು. ಮುಂದೆ ಈ ಉದಾರತೆಯೇ ದೊಡ್ಡ ಫಲ ಕೊಟ್ಟಿತು.

ಏಳು ಹಂತದ ಜರಡಿ

2000ದ ಮಾರ್ಚ್ ತಿಂಗಳಲ್ಲಿ ಜಿಮ್ಮಿ ವೇಲ್ಸ್ ಅವರು ‘ನುಪೀಡಿಯ’ ಎಂಬ ಅಂತರಜಾಲ ವಿಶ್ವಕೋಶ ಆರಂಭಿಸಿದರು. ಅದರ ಸಂಪಾದಕರು ಲ್ಯಾರಿ ಸ್ಯಾಂಗರ್. ಲೇಖನಗಳನ್ನು ವಿದ್ವಾಂಸರು ಬರೆಯಬೇಕು, ಅವು ಏಳು ಹಂತದ ಪರಿಶೀಲನೆಯಲ್ಲಿ ಪಾಸಾಗಬೇಕು ಎಂಬುದು ನಿಯಮ. ಜರಡಿ ಎಷ್ಟು ಸಣ್ಣದಾಗಿತ್ತೆಂದರೆ 2003ರಲ್ಲಿ ನುಪೀಡಿಯ ಮುಚ್ಚುವ ಹೊತ್ತಿಗೆ ಪೂರ್ಣಗೊಂಡಿದ್ದ ಲೇಖನಗಳು ಇಪ್ಪತ್ತೈದರ ಆಸುಪಾಸು ಮಾತ್ರ.

ಪರಿಹಾರ ಸಿಕ್ಕಿದ್ದು ಇನ್ನೊಂದು ದಿಕ್ಕಿನಿಂದ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು, ಓದುವವರೇ ಆ ಕ್ಷಣದಲ್ಲಿ ತಿದ್ದಬಹುದಾದ ಪುಟಗಳ ವ್ಯವಸ್ಥೆಯೊಂದನ್ನು ರೂಪಿಸಿದ್ದರು. ಹೊನಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಈ ಉಪಾಯವನ್ನು ಬಳಸಿಕೊಂಡು 2001ರ ಜನವರಿ 15ರಂದು ವಿಕಿಪೀಡಿಯ ಹುಟ್ಟಿತು. ವರ್ಷ ತುಂಬುವಷ್ಟರಲ್ಲಿ ಅದರಲ್ಲಿ ಸುಮಾರು 20 ಸಾವಿರ ಲೇಖನಗಳಿದ್ದವು. ಲೇಖನಗಳಷ್ಟೇ ಅಲ್ಲ, 2002ರಲ್ಲಿ ಅದಕ್ಕೆಂದೇ ಹೊಸ ತಂತ್ರಾಂಶ ಬರೆದುಕೊಟ್ಟವರೂ ಒಬ್ಬ ಸ್ವಯಂಸೇವಕರೇ, ಜರ್ಮನಿಯಲ್ಲಿ ವಿದ್ಯಾರ್ಥಿಯಾಗಿದ್ದ ಮ್ಯಾಗ್ನಸ್ ಮನ್ಸ್ಕೆ.

ಆರಂಭದ ದಿನಗಳಲ್ಲಿ ಅಲ್ಲಿಗೆ ಬಂದವರಲ್ಲಿ ಗಣಕ ಬಲ್ಲವರೇ ಹೆಚ್ಚು. ಹೀಗಾಗಿ ಗಣಕ ಲೇಖನಗಳು ಬೇಗ ಬೆಳೆದವು. ಫೋಲ್ಡಾಕ್ ಮುಕ್ತ ಪರವಾನಗಿಯಲ್ಲಿ ಇದ್ದುದರಿಂದ ಅದರ ವಿವರಣೆಗಳನ್ನು ಹಾಗೆಯೇ ತಂದು, ಅವುಗಳ ಮೇಲೆ ಹೊಸ ಲೇಖನಗಳನ್ನು ಕಟ್ಟಲಾಯಿತು. ಇಂದಿಗೂ ಇಂಗ್ಲಿಷ್ ವಿಕಿಪೀಡಿಯದ ಅನೇಕ ಗಣಕ ಲೇಖನಗಳ ಕೊನೆಯಲ್ಲಿ ಆ ಋಣವನ್ನು ನೆನೆಯುವ ಒಂದು ಸಾಲು ಉಳಿದಿದೆ.

ದಿನದಿನದ ಚಾಕರಿ

ಲೇಖನ ಹುಟ್ಟಿದ ಮೇಲೆ ಶುರುವಾಗುವುದೇ ನಿಜವಾದ ಚಾಕರಿ. ತಂತ್ರಾಂಶವೊಂದರ ಹೊಸ ಆವೃತ್ತಿ ಬಂದರೆ ಅದರ ಸಂಖ್ಯೆ ಬದಲಿಸಬೇಕು. ಕಂಪೆನಿ ಮಾರಾಟವಾದರೆ ‘ಆಗಿದೆ’ ಎಂಬುದನ್ನು ‘ಆಗಿತ್ತು’ ಎಂದು ತಿದ್ದಬೇಕು. ಯಾರೋ ಕಿಡಿಗೇಡಿ ಪುಟವಿಡೀ ಅಳಿಸಿ ಬೈಗುಳ ಬರೆದಿದ್ದರೆ ಹಿಂದಿನ ಪ್ರತಿಯನ್ನು ಮರಳಿ ತರಬೇಕು. ಪ್ರತಿಯೊಂದು ತಿದ್ದುಪಡಿಯ ಚರಿತ್ರೆಯೂ ಉಳಿದಿರುವುದರಿಂದ ಇದು ಸಾಧ್ಯ. ಇಂಗ್ಲಿಷ್ ಆವೃತ್ತಿಯಲ್ಲಿ ಗಣಕ ವಿಷಯಕ್ಕೆಂದೇ ಸ್ವಯಂಸೇವಕರ ಒಂದು ಕೂಟವಿದೆ. ಶಾಲೆಯ ಮೇಷ್ಟ್ರು ಉತ್ತರಪತ್ರಿಕೆಗೆ ದರ್ಜೆ ಕೊಡುವಂತೆ ಅವರು ಪ್ರತಿ ಲೇಖನಕ್ಕೂ ಗುಣಮಟ್ಟದ ದರ್ಜೆ ಹಾಕಿ, ಯಾವುದಕ್ಕೆ ಮೊದಲು ಕೈಹಾಕಬೇಕೆಂದು ಗುರುತಿಸುತ್ತಾರೆ.

ಈ ದುಡಿಮೆಯನ್ನು ಹಗುರ ಮಾಡಲು ಅವರೇ ಸಾಧನಗಳನ್ನೂ ಕಟ್ಟಿಕೊಂಡರು. 2010ರಿಂದ ‘ಕ್ಲೂಬಾಟ್ ಎನ್‌ಜಿ’ ಎಂಬ ಸ್ವಯಂಚಾಲಿತ ತಂತ್ರಾಂಶ ಕಿಡಿಗೇಡಿ ತಿದ್ದುಪಡಿಗಳನ್ನು ಗುರುತಿಸಿ ಕ್ಷಣಾರ್ಧದಲ್ಲಿ ರದ್ದುಮಾಡುತ್ತ ಬಂದಿದೆ. 2012ರಲ್ಲಿ ಬಂದ ‘ವಿಕಿಡೇಟಾ’ದಲ್ಲಿ ಒಂದು ಅಂಕಿಯನ್ನು ಒಮ್ಮೆ ತಿದ್ದಿದರೆ, ಅಲ್ಲಿಂದ ಅಂಕಿ ಪಡೆಯುವ ಎಲ್ಲ ಭಾಷೆಗಳ ಲೇಖನಗಳಲ್ಲೂ ಅದು ಬದಲಾಗುತ್ತದೆ.

ಯಂತ್ರ ಬಗೆಹರಿಸಲಾರದ್ದು ಜಗಳಗಳನ್ನು. ಜಗತ್ತಿನ ಮೊದಲ ಗಣಕ ಯಾವುದು? ಜರ್ಮನಿಯಲ್ಲಿ ಕೊನ್ರಾಡ್ ಟ್ಸೂಸ 1941ರಲ್ಲಿ ಪೂರ್ಣಗೊಳಿಸಿದ ‘ಝಡ್-3’ ಎಂದು ಒಬ್ಬರು, ಬ್ರಿಟನ್ನಿನ ‘ಕೊಲಾಸಸ್’ ಎಂದು ಇನ್ನೊಬ್ಬರು, ಅಮೆರಿಕದ ‘ಎನಿಯಾಕ್’ ಎಂದು ಮತ್ತೊಬ್ಬರು. ಕೊಲಾಸಸ್ ಯುದ್ಧಕಾಲದ ಗುಟ್ಟಾಗಿದ್ದುದರಿಂದ 1970ರ ದಶಕದವರೆಗೆ ಜಗತ್ತಿಗೆ ಅದರ ಸುದ್ದಿಯೇ ಇರಲಿಲ್ಲ. 1973ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಎನಿಯಾಕ್ ಪೇಟೆಂಟನ್ನು ರದ್ದುಗೊಳಿಸಿ, ಅಟನಾಸಾಫ್ ಎಂಬ ಪ್ರಾಧ್ಯಾಪಕರ ಕೆಲಸ ಅದಕ್ಕಿಂತ ಮೊದಲಿನದೆಂದು ಹೇಳಿತು. ವಿಕಿಪೀಡಿಯದ ನಿಯಮದಂತೆ ಸ್ವಯಂಸೇವಕರು ಇಲ್ಲಿ ತೀರ್ಪುಗಾರರಾಗುವಂತಿಲ್ಲ. ಯಾವ ಯಂತ್ರ ಯಾವ ಅರ್ಥದಲ್ಲಿ ಮೊದಲನೆಯದು ಎಂಬುದನ್ನು ಆಧಾರಸಮೇತ ಬರೆದು ಪಕ್ಕಕ್ಕೆ ಸರಿಯಬೇಕು.

ಇನ್ನೊಂದು ಜಗಳ ಲೆಕ್ಕದ್ದು. ಒಂದು ಕಿಲೋಬೈಟ್ ಎಂದರೆ 1000 ಬೈಟೋ, 1024 ಬೈಟೋ? ಗಣಕದ ಎಣಿಕೆ ಎರಡರ ಮಗ್ಗಿಯಲ್ಲಿ ನಡೆಯುವುದರಿಂದ ನೆನಪುಕೋಶ ತಯಾರಿಸುವವರಿಗೆ 1024 ಸಹಜ. ಡಿಸ್ಕ್ ಮಾರುವವರಿಗೆ 1000 ಅನುಕೂಲ. ಗಿಗಾಬೈಟಿಗೆ ಬರುವಷ್ಟರಲ್ಲಿ ಈ ಅಂತರ ಶೇಕಡಾ 7ನ್ನು ದಾಟುತ್ತದೆ. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಂತ್ರ ಆಯೋಗ 1024ರ ಲೆಕ್ಕಕ್ಕೆ ‘ಕಿಬಿಬೈಟ್’ ಎಂಬ ಬೇರೆ ಹೆಸರನ್ನೇ ಕೊಟ್ಟಿತು. ಇದನ್ನು ಬಳಸಬೇಕೇ ಬೇಡವೇ ಎಂದು ಸ್ವಯಂಸೇವಕರು ವರ್ಷಗಟ್ಟಲೆ ವಾದಿಸಿದರು. ಕೊನೆಗೆ ಜನಬಳಕೆಯಲ್ಲಿರುವ ಹಳೆಯ ಹೆಸರನ್ನೇ ಸಾಮಾನ್ಯವಾಗಿ ಬಳಸುವುದು, ಯಾವ ಲೆಕ್ಕವೆಂದು ಸ್ಪಷ್ಟಪಡಿಸುವುದು ಎಂಬಲ್ಲಿಗೆ ಮಾತು ನಿಂತಿತು. ಹೊರಗಿನವರಿಗೆ ಇದು ಕೂದಲು ಸೀಳುವ ಕೆಲಸ. ಆದರೆ ಡಿಸ್ಕ್ ಕೊಂಡು ಜಾಗ ಕಡಿಮೆ ಬಂತೆಂದು ತಲೆ ಕೆರೆದುಕೊಳ್ಳುವ ಗ್ರಾಹಕನಿಗೆ ಉತ್ತರ ಸಿಗುವುದು ಅಲ್ಲೇ.

ಯಾರ ಹೆಸರು ಉಳಿಯಬೇಕು?

ಇದೆಲ್ಲಕ್ಕಿಂತ ಆಳದ ಪ್ರಶ್ನೆಯೊಂದಿದೆ. ವಿಕಿಪೀಡಿಯದಲ್ಲಿ ಒಂದು ವಿಷಯಕ್ಕೆ ಲೇಖನ ಬೇಕಾದರೆ, ಆ ಬಗ್ಗೆ ಬೇರೆಯವರು ನಂಬಲರ್ಹ ಪ್ರಕಟಣೆಗಳಲ್ಲಿ ಬರೆದಿರಬೇಕು. ಜಾಹೀರಾತನ್ನೂ ಸುಳ್ಳನ್ನೂ ತಡೆಯಲು ಈ ನಿಯಮ ಬೇಕೇ ಬೇಕು. ಆದರೆ ಗಣಕಲೋಕ ತನ್ನ ಚರಿತ್ರೆಯನ್ನು ಪುಸ್ತಕದಲ್ಲಿ ಬರೆದಿಟ್ಟದ್ದು ಕಡಿಮೆ. 2011ರಲ್ಲಿ ‘ನೆಮರ್ಲ್’ನಂಥ ಸಣ್ಣ ಪ್ರೋಗ್ರಾಮಿಂಗ್ ಭಾಷೆಗಳ ಲೇಖನಗಳನ್ನು ಆಧಾರ ಸಾಲದೆಂದು ಅಳಿಸುವ ಪ್ರಸ್ತಾಪ ಬಂದಾಗ ಪ್ರೋಗ್ರಾಮರುಗಳಲ್ಲಿ ಭಾರಿ ಗದ್ದಲವೆದ್ದಿತು. ನಿಯಮ ಪಾಲಿಸಿದರೆ ನೆನಪು ಅಳಿಯುತ್ತದೆ, ಸಡಿಲಿಸಿದರೆ ಕಸ ತುಂಬುತ್ತದೆ. ಎರಡೂ ಕಡೆಯವರಲ್ಲಿ ನ್ಯಾಯವಿತ್ತು. ನೆಮರ್ಲ್ ಲೇಖನ ಕೊನೆಗೂ ಉಳಿದುಕೊಂಡಿತು.

ಎನಿಯಾಕ್ ಯಂತ್ರದ ಕತೆ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. 1946ರ ಫೆಬ್ರವರಿಯಲ್ಲಿ ಅದು ಲೋಕಕ್ಕೆ ಪರಿಚಯವಾದಾಗ ಪತ್ರಿಕೆಗಳು ಅದನ್ನು ಕಟ್ಟಿದ ಗಂಡಸರನ್ನು ಕೊಂಡಾಡಿದವು. ಅದಕ್ಕೆ ಲೆಕ್ಕ ಹೂಡಿ ನಡೆಸುತ್ತಿದ್ದ ಆರು ಮಂದಿ ಹೆಂಗಸರ ಹೆಸರು ಮಾತ್ರ ಮರೆಗೆ ಸಂದಿತು. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಚಿತ್ರಗಳಲ್ಲಿದ್ದ ಆ ಮುಖಗಳ ಬೆನ್ನುಹತ್ತಿ ಹೋದ ಮೇಲೆಯೇ ಅವರಿಗೆ ಮನ್ನಣೆ ದೊರೆತದ್ದು. ಇಂದು ಅವರ ಬಗ್ಗೆ ಲೇಖನಗಳಿವೆ. ಆದರೆ ಮೊದಲು ಯಾರಾದರೂ ಹುಡುಕಿ ಬರೆಯದೇ ಹೋಗಿದ್ದರೆ ಸ್ವಯಂಸೇವಕರ ಕೈ ಕಟ್ಟಿದಂತೆಯೇ. ವಿಶ್ವಕೋಶ ನೆನಪನ್ನು ಕಾಯಬಲ್ಲದು, ಹೊಸದಾಗಿ ಹುಟ್ಟಿಸಲಾರದು.

ಹಣದ ಪ್ರಲೋಭನೆಯೂ ಬಂದದ್ದುಂಟು. 2007ರಲ್ಲಿ ಮೈಕ್ರೊಸಾಫ್ಟ್ ತನ್ನ ಕಡತ ಮಾದರಿಯ ಲೇಖನಗಳಲ್ಲಿ ತಪ್ಪುಗಳಿವೆ ಎಂದು, ಅವನ್ನು ತಿದ್ದಲು ಆಸ್ಟ್ರೇಲಿಯದ ತಜ್ಞರೊಬ್ಬರಿಗೆ ಸಂಭಾವನೆ ಕೊಡಲು ಮುಂದಾದ ಸುದ್ದಿ ದೊಡ್ಡ ಚರ್ಚೆ ಎಬ್ಬಿಸಿತು. 2014ರಿಂದ, ಹಣ ಪಡೆದು ತಿದ್ದುವವರು ಅದನ್ನು ಬಹಿರಂಗಪಡಿಸಲೇಬೇಕೆಂಬ ನಿಯಮ ಜಾರಿಯಲ್ಲಿದೆ.

ಕನ್ನಡಕ್ಕೂ ಈ ಕತೆಯಲ್ಲಿ ಪಾಲಿದೆ. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಕಟ್ಟಿದ ನಾಡು ಇದು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಗೆ ಒಪ್ಪಿಸಿ, ಫೋಲ್ಡಾಕ್ ತೋರಿದ ಔದಾರ್ಯವನ್ನೇ ತೋರಿತು. ಇಲ್ಲಿಯ ಸ್ವಯಂಸೇವಕರಿಗೆ ಮಾತ್ರ ಚಾಕರಿ ಇಮ್ಮಡಿ. ವಿಷಯ ತಿಳಿದರೆ ಸಾಲದು, ಅದಕ್ಕೆ ಪದವೂ ಸಿಗಬೇಕು. ಗಣಕವೋ ಕಂಪ್ಯೂಟರೋ, ಅಂತರಜಾಲವೋ ಅಂತರ್ಜಾಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. 2010ರ ಆಸುಪಾಸಿನಲ್ಲಿ ಗೂಗಲ್ ಯಂತ್ರಾನುವಾದದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ತಂದು ಸುರಿಯಿತು. ಸಂಖ್ಯೆಯೇನೋ ಏರಿತು, ಆದರೆ ತೊಡಕು ವಾಕ್ಯಗಳನ್ನು ತಿದ್ದುವ ಹೊರೆ ಬಿದ್ದದ್ದು ಕೆಲವೇ ಮಂದಿಯ ಹೆಗಲಿಗೆ.

ಆ ಹೊರೆ ಈಗ ಎಲ್ಲ ಭಾಷೆಗಳಿಗೂ ಬಂದಿದೆ. ಯಂತ್ರವೇ ಕ್ಷಣದಲ್ಲಿ ಲೇಖನ ಹೆಣೆದುಕೊಡುವ ಕಾಲವಿದು. ಇಲ್ಲದ ಆಧಾರಗಳನ್ನೂ ಅದು ಇದೆಯೆಂಬಂತೆ ಬರೆಯಬಲ್ಲದು. ಅಂಥ ಪರಿಶೀಲಿಸದ ಯಂತ್ರಬರಹಗಳನ್ನು ಚರ್ಚೆಯಿಲ್ಲದೆ ಬೇಗ ಅಳಿಸಲು ಇಂಗ್ಲಿಷ್ ವಿಕಿಪೀಡಿಯದ ಸ್ವಯಂಸೇವಕರು 2025ರಲ್ಲಿ ನಿಯಮ ಮಾಡಿಕೊಂಡರು. ಆ ಯಂತ್ರಗಳು ಮಾತು ಕಲಿತದ್ದಾದರೂ ಎಲ್ಲಿ? ಅವುಗಳ ಪಾಠದಲ್ಲಿ ಈ ಸ್ವಯಂಸೇವಕರು ವರ್ಷಗಟ್ಟಲೆ ತಿದ್ದಿಟ್ಟ ಪುಟಗಳೂ ಇದ್ದವು. ಬಾವಿಯ ನೀರು ಸೇದುವವರು ಹೆಚ್ಚಿದಷ್ಟೂ ಹೂಳೆತ್ತುವವರ ಅಗತ್ಯವೂ ಹೆಚ್ಚುತ್ತದೆ. ಜಾರ್ಗನ್ ಫೈಲ್ ಕೈಬಿಟ್ಟ ಏಳು ವರ್ಷ ಹೇಳಿದ್ದೂ ಇದನ್ನೇ.