ಅಷ್ಟಭೋಗ ಸಹಿತ

ಕೋಲಾರದ ಕೋಟೆಯಲ್ಲಿದ್ದ ನಮ್ಮ ತಾತನ ಕಾಲದ ಮನೆಯನ್ನು ಮೊನ್ನೆ ಮಾರಿದೆ. ಕೊಂಡವರು ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳು. ಬೆಲೆ ಕುದುರಿ, ಮುಂಗಡ ಕೈಸೇರಿ, ಋಣಭಾರ ಪತ್ರವೂ ಬಂದ ಮೇಲೆ ಪತ್ರಬರಹಗಾರರು ಕ್ರಯಪತ್ರದ ಕರಡನ್ನು ಗಟ್ಟಿಯಾಗಿ ಓದಿದರು. ಚೆಕ್ಕುಬಂದಿ ಮುಗಿದು, ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಸಹಿತ ಎಂಬಲ್ಲಿಗೆ ಬಂದಾಗ ನನ್ನ ಕಿವಿ ನಿಮಿರಿತು.

ಈ ಮಾತು ನೋಂದಣಿ ಕಛೇರಿಯಲ್ಲಿ ಹುಟ್ಟಿದ್ದಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ, ಈ ಎಂಟೂ ವಿಜಯನಗರದ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಅಷ್ಟಭೋಗಗಳು. ನಮ್ಮ ಮುಳಬಾಗಿಲು ಆಗ ಒಂದು ರಾಜ್ಯದ ಮುಖ್ಯಪಟ್ಟಣ. ಬುಕ್ಕರಾಯನ ಮಗ ಕಂಪಣ ಅಲ್ಲಿಂದ ಆಳಿದವನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಲ್ಲುಗಳನ್ನೆಲ್ಲ ಓದಿಸಿ ಬಿ. ಎಲ್. ರೈಸ್ ಅವರು 1905ರಲ್ಲಿ ಒಂದು ದಪ್ಪ ಸಂಪುಟವಾಗಿ ಅಚ್ಚು ಹಾಕಿಸಿದರು. ಊರಿನ ಹಳೆಯ ದಸ್ತಾವೇಜುಗಳ ಕಟ್ಟೆಂದೇ ಅದನ್ನು ಕರೆಯಬಹುದು.

ಅರಸನು ನಿಧಿಯನ್ನು ಕೊಟ್ಟನೆಂದರೆ ಅರ್ಥವಿದೆ, ಅದು ಅವನದೇ. ನಾನು ಕೊಡುವುದೇನು? 1962ರ ನಿಧಿ ಕಾಯಿದೆಯಂತೆ ನೆಲದಲ್ಲಿ ಹೂತ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. 2001ರವರೆಗೆ ಚಿನ್ನ ತೆಗೆದ ಜಿಲ್ಲೆಯಲ್ಲಿ ಕೂತು ಈ ಪದ ಬರೆಯುವುದೇ ಒಂದು ತಮಾಷೆ! ಪಾಷಾಣವೆಂದರೆ ಬಟ್ಟೆ ಒಗೆಯುವ ಕಲ್ಲೊಂದು. ತರುವೆಂದರೆ ಹಿತ್ತಲ ನುಗ್ಗೆ. ಮಾಡಿನ ಮೇಲಿನ ಮಾಲೂರು ಹೆಂಚಿಗೆ ಮಾತ್ರ ಅಷ್ಟಭೋಗದಲ್ಲಿ ಹೆಸರಿಲ್ಲ. ಈ ಮನೆಯಲ್ಲಿ ಇನ್ನೂ ಬೆಲೆಬಾಳುವುದು ಅದೇ.

ಉಳಿದದ್ದು ಜಲ. ಹಿತ್ತಲ ಬಾವಿ ಬತ್ತಿ ಇಪ್ಪತ್ತು ವರ್ಷ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು, ಕೊಳ್ಳುವವನ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾರುವವನು ಹೇಳಬೇಕೆನ್ನುತ್ತದೆ. ಬಾವಿಯ ಮೇಲೆ ನಾವೇ ಚಪ್ಪಡಿ ಮುಚ್ಚಿದ್ದೆವು. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದರೆ ಬೆಲೆ ಇಳಿದೀತೆಂಬ ಅಳುಕು ಇಲ್ಲದಿರಲಿಲ್ಲ.

ಶಾಸನಗಳು ಕೊಟ್ಟದ್ದನ್ನು ಕಸಿದವನಿಗೆ ಶಾಪವಿಟ್ಟು ಮುಗಿಯುತ್ತವೆ. ನಮ್ಮ ಪತ್ರದಲ್ಲಿ ಶಾಪದ ಜಾಗಕ್ಕೆ, ತಂಟೆ ತಕರಾರು ಬಂದರೆ ನಾನೇ ಪರಿಹರಿಸಿಕೊಡುತ್ತೇನೆ ಎಂಬ ಮಾತು ಬಂದಿದೆ. ಆ ಸಾಲು ಕೇಳುತ್ತಿದ್ದಂತೆ ಬಾಯಿಬಿಟ್ಟೆ. “ಯಜಮಾನರೇ, ಜಲ ಎಂದು ಬರೆದಿದೆ. ಬಾವಿಯಲ್ಲಿ ನೀರಿಲ್ಲ.”

ಅವರು ನಕ್ಕರು. “ಗೊತ್ತು ಸ್ವಾಮಿ. ಚಪ್ಪಡಿ ಸರಿಸಿ ಕಲ್ಲು ಹಾಕಿ ನೋಡಿದ್ದೆ. ಸದ್ದೇ ಬರಲಿಲ್ಲ. ಆ ಪದ ಹಾಗೇ ಇರಲಿ.”

ಹೆಬ್ಬೆಟ್ಟನ್ನು ಯಂತ್ರದ ಮೇಲಿಟ್ಟು, ಫೋಟೋ ತೆಗೆಸಿಕೊಂಡು, ಬೀಗದ ಕೈ ಕೊಟ್ಟೆ.