ಮೇರಿಲಬೋನ್ ಚರ್ಚಿನ ಗಂಟೆ

ಮದುವೆಗೆ ಊರೇ ಸಾಕ್ಷಿಯಾಗಬೇಕೆಂಬುದು ನಮ್ಮಲ್ಲಿ ತಲೆಮಾರುಗಳಿಂದ ಬೆಳೆದುಬಂದ ನಂಬಿಕೆ. ಚಪ್ಪರ, ಓಲಗ, ಲಗ್ನಪತ್ರಿಕೆ ಇವೆಲ್ಲ ಸಂಭ್ರಮದ ಜೊತೆಗೆ ಸಾರಿ ಹೇಳುವ ಸಾಧನಗಳೂ ಹೌದು. ಧರ್ಮಶಾಸ್ತ್ರಕಾರರು ಎಣಿಸಿದ ಎಂಟು ಬಗೆಯ ವಿವಾಹಗಳಲ್ಲಿ ಗಾಂಧರ್ವಕ್ಕೂ ಒಂದು ಸ್ಥಾನವುಂಟು. ಆದರೆ ಸಾಕ್ಷಿಯಿಲ್ಲದ ಮದುವೆ ಹೆಣ್ಣಿಗೆ ಎಂಥ ಸಂಕಟ ತಂದೀತೆಂಬುದನ್ನು ಶಕುಂತಲೆಯ ಕಥೆ ಬಲ್ಲವರೆಲ್ಲ ಬಲ್ಲರು. ದುಷ್ಯಂತನ ಆಸ್ಥಾನದಲ್ಲಿ 'ಹೌದು, ನಾನು ಕಂಡಿದ್ದೇನೆ' ಎನ್ನುವವರು ಒಬ್ಬರೂ ಇರಲಿಲ್ಲ.

ಇದೇ ಸಂಕಟ ಹದಿನೆಂಟನೆಯ ಶತಮಾನದ ಇಂಗ್ಲೆಂಡನ್ನೂ ಕಾಡಿತ್ತು. ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ, ಸಾಲದಲ್ಲಿ ಮುಳುಗಿದ ಪಾದ್ರಿಗಳು ದುಡ್ಡು ಕೊಟ್ಟವರಿಗೆಲ್ಲ ಗುಟ್ಟಾಗಿ ಮದುವೆ ಮಾಡಿಸುತ್ತಿದ್ದರು. ಈ ವ್ಯಾಪಾರವನ್ನು ನಿಲ್ಲಿಸಲು ಲಾರ್ಡ್ ಹಾರ್ಡ್‌ವಿಕ್ 1753ರಲ್ಲಿ ಕಾಯಿದೆ ತಂದರು. ಚರ್ಚಿನಲ್ಲಿ ಮೊದಲೇ ಸಾರಿರಬೇಕು, ಇಲ್ಲವೇ ಲೈಸೆನ್ಸು ಪಡೆದಿರಬೇಕು, ಸಾಕ್ಷಿಗಳಿರಬೇಕು, ಲೈಸೆನ್ಸು ಪಡೆದು ಮದುವೆಯಾಗುವವರು ಇಪ್ಪತ್ತೊಂದು ತುಂಬದವರಾದರೆ ತಂದೆಯ ಒಪ್ಪಿಗೆ ಬೇಕು. ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸಲಿಲ್ಲವಾದ್ದರಿಂದ ಅವಸರದ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡತೊಡಗಿದರು.

ಕಾನೂನು ಅಡ್ಡಬಂದವರ ಕಥೆ ಇದಾಯಿತು. ಕಾನೂನು ಅಡ್ಡಬಾರದಿದ್ದರೂ ಗುಟ್ಟಾಗಿ ಮದುವೆಯಾದವರ ಕಥೆ ಇನ್ನೂ ಮನಮುಟ್ಟುವಂಥದು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಹನ್ನೆರಡು ಮಕ್ಕಳಲ್ಲಿ ಹಿರಿಯಳು. ಕಾಯಿಲೆಯಿಂದ ವರ್ಷಗಟ್ಟಲೆ ವಿಂಪೋಲ್ ಬೀದಿಯ ಮನೆಯ ಒಂದು ಕೋಣೆಯಲ್ಲೇ ಕಳೆದವಳು. 1845ರ ಜನವರಿಯಲ್ಲಿ ರಾಬರ್ಟ್ ಬ್ರೌನಿಂಗ್ ಆಕೆಯ ಕವಿತೆಗಳನ್ನು ಮೆಚ್ಚಿ ಕಾಗದ ಬರೆದ. ಅಲ್ಲಿಂದ ಇಪ್ಪತ್ತು ತಿಂಗಳಲ್ಲಿ ಇಬ್ಬರ ನಡುವೆ 570ಕ್ಕೂ ಹೆಚ್ಚು ಕಾಗದಗಳು ಓಡಾಡಿದವು. ಮದುವೆಯ ವೇಳೆಗೆ ಆಕೆಗೆ ನಲವತ್ತು, ಆತನಿಗೆ ಮೂವತ್ತನಾಲ್ಕು. ಆಕೆಗೆ ಸ್ವಂತದ ಸಣ್ಣ ವರಮಾನವೂ ಇತ್ತು. ಕಾನೂನಿನ ದೃಷ್ಟಿಯಲ್ಲಿ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆದರೆ ಮಕ್ಕಳು ಯಾರೂ ಮದುವೆಯಾಗಕೂಡದೆಂಬುದು ತಂದೆಯ ಹಟ. ಏಕೆಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

1846ರ ಸೆಪ್ಟೆಂಬರಿನಲ್ಲಿ, ಮನೆಯನ್ನು ದುರಸ್ತಿ ಮಾಡಿಸಬೇಕು, ಎಲ್ಲರೂ ಕೆಲಕಾಲ ಹಳ್ಳಿಗಾಡಿಗೆ ಹೊರಡಿ ಎಂದು ತಂದೆಯ ಅಪ್ಪಣೆಯಾಯಿತು. ಇನ್ನು ತಡಮಾಡುವಂತಿಲ್ಲವೆಂದು ಬ್ರೌನಿಂಗ್ ಲೈಸೆನ್ಸು ತಂದ. ಸೆಪ್ಟೆಂಬರ್ 12ರ ಶನಿವಾರ ಎಲಿಜಬೆತ್ ತನ್ನ ದಾಸಿ ವಿಲ್ಸನ್ನಳ ತೋಳು ಹಿಡಿದು ಹೊರಟಳು. ದಾರಿಯಲ್ಲಿ ತಲೆ ಸುತ್ತಿ ಬಂದು ಔಷಧದ ಅಂಗಡಿಯಲ್ಲಿ ಸುಧಾರಿಸಿಕೊಂಡಳು. ಸೇಂಟ್ ಮೇರಿಲಬೋನ್ ಚರ್ಚಿನಲ್ಲಿ ಸಾಕ್ಷಿಗಳಾಗಿ ನಿಂತವರು ಇಬ್ಬರೇ: ಈ ದಾಸಿ ಮತ್ತು ಬ್ರೌನಿಂಗನ ಒಬ್ಬ ಬಂಧು. ಒಡಹುಟ್ಟಿದ ತಂಗಿಯರಿಗೆ ಒಲವು ತಿಳಿದಿತ್ತು, ದಿನ ತಿಳಿದಿರಲಿಲ್ಲ. ತಿಳಿದಿದ್ದರೆ ತಂದೆಯ ಕೋಪ ಅವರ ಮೇಲೂ ತಿರುಗುತ್ತಿತ್ತು. ಬಚ್ಚಿಟ್ಟದ್ದೂ ಅಕ್ಕರೆಯಿಂದಲೇ.

ಅಂದು ಆಕೆ ಉಂಗುರ ಕಳಚಿ ತವರಿಗೆ ಮರಳಿದಳು. ಮುಂದಿನ ಒಂದು ವಾರ ಬ್ರೌನಿಂಗ್ ಆ ಮನೆಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು, ತನ್ನ ಹೆಂಡತಿಯನ್ನು ಕನ್ಯೆಯ ಹೆಸರಿನಿಂದ ಕೇಳಲು ಆತನಿಗೆ ಮನಸ್ಸೊಪ್ಪಲಿಲ್ಲ. ಆ ದಿನಗಳಲ್ಲೊಮ್ಮೆ ಕೋಣೆಯಲ್ಲಿ ಬಂಧುಮಿತ್ರರು ಗದ್ದಲವೆಬ್ಬಿಸಿ ಕುಳಿತಿದ್ದಾಗ ಗಂಟೆಯ ನಾದ ಕೇಳಿಬಂತು. ಯಾವ ಗಂಟೆಯೆಂದು ಯಾರೋ ಕೇಳಿದರು. 'ಮೇರಿಲಬೋನ್ ಚರ್ಚಿನದು' ಎಂದಳು ಕುರ್ಚಿಯ ಹಿಂದೆ ನಿಂತಿದ್ದ ತಂಗಿ ಹೆನ್ರಿಯೆಟಾ. ಮದುಮಗಳು ಸುಮ್ಮನಿದ್ದಳು. ಸೆಪ್ಟೆಂಬರ್ 19ರಂದು ಗಂಡ, ದಾಸಿ ಮತ್ತು ಫ್ಲಷ್ ಎಂಬ ನಾಯಿಯೊಡನೆ ಆಕೆ ದೇಶ ಬಿಟ್ಟಳು.

ಇಟಲಿಯಿಂದ ಆಕೆ ತಂದೆಗೆ ಮತ್ತೆ ಮತ್ತೆ ಬರೆದಳು. ಲಂಡನ್ನಿಗೆ ಬಂದ 1851ರಲ್ಲಿ ಆ ಕಾಗದಗಳೆಲ್ಲ ಒಂದೇ ಕಟ್ಟಾಗಿ ಹಿಂದಿರುಗಿದವು, ಮುದ್ರೆ ಒಡೆಯದೆ. ಕೆಲವಕ್ಕೆ ಕಪ್ಪು ಮುದ್ರೆಯಿತ್ತು. ಮೊಮ್ಮಗು ಸತ್ತಿರಬಹುದೇ ಎಂದಾದರೂ ಆತ ಒಡೆದು ನೋಡಿರಲಿಲ್ಲ. 1857ರಲ್ಲಿ ಆತ ತೀರಿಕೊಂಡ, ಕ್ಷಮಿಸದೆಯೇ.

ಮೂವತ್ತು ವರ್ಷ ಕಾವ್ಯ ಬೋಧಿಸಿದ ನಾನು ಈ ಕಥೆ ಹೇಳುವಾಗಲೆಲ್ಲ ಪ್ರೇಮಿಗಳ ಪಕ್ಷವನ್ನೇ ವಹಿಸುತ್ತಿದ್ದೆ. ತರಗತಿಯಲ್ಲಿ ಅದು ಸುಲಭ. ಕೆಲವು ವರ್ಷಗಳ ಹಿಂದೆ ನನ್ನ ಮಗಳು ನೋಂದಣಿ ಕಚೇರಿಯಲ್ಲಿ ಮದುವೆಯಾದಳು. ಅಲ್ಲಿದ್ದವರು ಹುಡುಗನ ತಂದೆತಾಯಿ, ಅವನ ತಂಗಿ, ನನ್ನ ತಮ್ಮ. ನನ್ನ ಹೆಂಡತಿಗೂ ತಿಳಿದಿತ್ತು. ತಿಳಿಯದವನು ನಾನೊಬ್ಬನೇ. 1954ರ ವಿಶೇಷ ವಿವಾಹ ಕಾಯಿದೆಯಂತೆ ಮೂವತ್ತು ದಿನಗಳ ನೋಟೀಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುತ್ತಿರಬೇಕು. ಆ ಕಚೇರಿಯ ಮುಂದೆಯೇ ನಾನು ದಿನವೂ ಸಂಜೆ ತಿರುಗಾಡಲು ಹೋಗುತ್ತಿದ್ದೆ. ಕಾನೂನು ಊರಿಗೆಲ್ಲ ಸಾರಿದ್ದನ್ನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಅವಳ ಕಾಗದ ಮೂರು ದಿನ ಮೇಜಿನ ಮೇಲೆ ಒಡೆಯದೆ ಬಿದ್ದಿತ್ತು. ಹೆಂಡತಿ ಏನೂ ಹೇಳಲಿಲ್ಲ. ದೂಳು ಒರೆಸುವಾಗ ಅದನ್ನೆತ್ತಿ ಮತ್ತೆ ಅಲ್ಲೇ ಇಡುತ್ತಿದ್ದಳು. ನಾಲ್ಕನೆಯ ದಿನ ವಿಂಪೋಲ್ ಬೀದಿಯಿಂದ ಹಿಂದಿರುಗಿದ ಆ ಕಟ್ಟು ನೆನಪಾಗಿ ನಾಚಿಕೆಯೆನಿಸಿತು, ಒಡೆದೆ. 'ಅಪ್ಪಾ, ಕೇಳಿದ್ದರೆ ನೀವು ಬೇಡವೆನ್ನುತ್ತಿದ್ದಿರಿ. ಆಮೇಲೆ ಆಗಿದ್ದರೆ ನಿಮ್ಮ ಮಾತು ಮೀರಿದಂತಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ' ಎಂದಿತ್ತು.

ಮದುವೆ ಸಾರಿ ನಡೆಯಬೇಕೆಂಬ ನಿಯಮ ಹೆಣ್ಣಿನ ರಕ್ಷಣೆಗೆ ಹುಟ್ಟಿದ್ದು; ಅದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಗುಟ್ಟಾಗಿ ಮದುವೆಯಾದವರನ್ನು ಪ್ರಶ್ನಿಸುವ ಮುನ್ನ, ಯಾರಿಗೆ ಹೆದರಿ ಅವರು ಗುಟ್ಟು ಮಾಡಿದರೆಂದು ಕೇಳಬೇಕು. ನನ್ನ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ನಾನೇ ಆಗಿದ್ದೆ. ಆ ದೀಪಾವಳಿಗೆ ಮಗಳು ಅಳಿಯ ಬಂದರು. ಹಸೆಮಣೆಯಿಲ್ಲ, ಓಲಗವಿಲ್ಲ. ಬಾಗಿಲ ಕರೆಗಂಟೆ ಸದ್ದಾದಾಗ ಎದ್ದುಹೋಗಿ ಕದ ತೆರೆದವನು ನಾನೇ.

(ಬಾನುಲಿ ಭಾಷಣ)